ಪರದೆ ದೊಡ್ಡದಾಯ್ತು, ಪೆಟ್ಟಿಗೆಗೆ ಉಬ್ಬಸ!

ತುಮಕೂರು: ಬೆಳಗಿನ ಬಸ್ಸಿಗೆ ಮೆಜೆಸ್ಟಿಕ್ ಸೇರಿ, ಎಸ್.ಪಿ. ರಸ್ತೆಯ ಸಂದಿಗೊಂದಿ ಸುತ್ತಿ, ಸಂಜೆ ತೊಡೆ ಮೇಲೆ ಹಿಡಿಸದ ರಟ್ಟಿನ ಡಬ್ಬಕ್ಕೆ ಕಂಡಕ್ಟರ್ ಹತ್ತಿರ ಜಾಗ ಬೇಡುವ ಹುಡುಗರು ಈ ದಾರಿಯ ಪ್ರಯಾಣಿಕರಿಗೆ ಹೊಸಬರಲ್ಲ. ಡಬ್ಬದಲ್ಲಿರುವುದು ಕಂಪ್ಯೂಟರ್ ಮಾನಿಟರ್. ಆಟ ಆಡಲಿಕ್ಕೆ!

ಮನೆಗೆ ತಂದು ಜೋಡಿಸಿದರೆ ಚಿತ್ರ ಕನ್ನಡಿಯಂತೆ ಫಳಫಳ. ಆಟ ಶುರುವಾದರೆ ಮಾತ್ರ ಕಾರು ಕುಂಟುತ್ತದೆ, ಗುಂಡು ತಡವಾಗಿ ಹಾರುತ್ತದೆ. ಮಾನಿಟರ್ ಕೆಟ್ಟಿದೆಯೇ? ಇಲ್ಲ. ಮೇಜಿನ ಕೆಳಗಿನ ಹಳೇ ಪೆಟ್ಟಿಗೆಗೆ ಉಬ್ಬಸ ಬಂದಿದೆ, ಅಷ್ಟೆ.

ಚುಕ್ಕಿ ಲೆಕ್ಕ

ಪರದೆಯ ಚಿತ್ರ ಎಂದರೆ ಚುಕ್ಕಿ ರಂಗೋಲಿ. ಸಾಮಾನ್ಯ 1080 ಮಾನಿಟರಿನಲ್ಲಿ 20,73,600 ಚುಕ್ಕಿ. 1440ರಲ್ಲಿ 36,86,400. ‘ಫೋರ್ ಕೆ’ ಎಂದು ಕರೆಯುವುದರಲ್ಲಿ 82,94,400, ಅಂದರೆ ಸರಿಯಾಗಿ ನಾಲ್ಕು ಪಟ್ಟು. ಆಟ ಸಲೀಸಾಗಿ ಓಡಬೇಕಾದರೆ ಈ ರಂಗೋಲಿಯನ್ನು ಸೆಕೆಂಡಿಗೆ 60 ಸಲ ಅಳಿಸಿ ಬರೆಯಬೇಕು. 144 ಹರ್ಟ್ಸ್ ಮಾನಿಟರಿನ ಪೂರ್ತಿ ಮಜಾ ಬೇಕಿದ್ದರೆ 144 ಸಲ!

ಬರೆಯುವವರು ಯಾರು? ಪೆಟ್ಟಿಗೆಯೊಳಗೆ ಇಬ್ಬರು ಆಳುಗಳು. ಪ್ರೊಸೆಸರ್ ಎಂಬುದು ಆಟದ ಲೆಕ್ಕ ನೋಡುವ ಗುಮಾಸ್ತ. ಗ್ರಾಫಿಕ್ಸ್ ಕಾರ್ಡ್ ಚಿತ್ರ ಬಿಡಿಸುವ ಪೇಂಟರ್. ಅಂಗಡಿ ಬೋರ್ಡು ನಾಲ್ಕು ಪಟ್ಟು ದೊಡ್ಡದಾದರೆ ಪೇಂಟರಿಗೆ ಬೆನ್ನು ಮುರಿಯುತ್ತದೆ. ಗುಮಾಸ್ತನಿಗೆ ಹೆಚ್ಚುಕಮ್ಮಿ ಅದೇ ಲೆಕ್ಕ. ಹಾಗಾಗಿ ಪರದೆ ದೊಡ್ಡದು ಮಾಡಲು ಪ್ರೊಸೆಸರ್, ಮದರ್‌ಬೋರ್ಡ್ ಎಲ್ಲಾ ಬದಲಾಯಿಸಿ ಎನ್ನುವವರ ಮಾತಿಗೆ ಜೇಬು ಬಿಚ್ಚುವ ಮುನ್ನ ಎರಡು ಸಲ ಯೋಚಿಸಬೇಕು.

ದುಡ್ಡಿಲ್ಲದ ಪರೀಕ್ಷೆ

ಮಾನಿಟರ್ ಕೊಳ್ಳುವ ಮೊದಲೇ ಮನೆಯಲ್ಲೇ ಪರೀಕ್ಷೆ ಮಾಡಬಹುದು, ಒಂದು ಪೈಸೆ ಖರ್ಚಿಲ್ಲ. ಎನ್‌ವಿಡಿಯಾ ಕಾರ್ಡಿನಲ್ಲಿ ‘ಡಿ.ಎಸ್.ಆರ್.’, ಎ.ಎಂ.ಡಿ. ಕಾರ್ಡಿನಲ್ಲಿ ‘ವಿ.ಎಸ್.ಆರ್.’ ಎಂಬ ಸೌಲಭ್ಯ 2014ರಿಂದಲೇ ಉಂಟು. ಅದನ್ನು ಆನ್ ಮಾಡಿದರೆ ಹಳೇ ಮಾನಿಟರಿನಲ್ಲೇ ಕಾರ್ಡು 1440 ಚಿತ್ರ ಬರೆಯುತ್ತದೆ. ಸೆಕೆಂಡಿಗೆ ಎಷ್ಟು ಚಿತ್ರ ಬಂತು ಅಂತ ನೋಡಿದರೆ ಸಾಕು. 60ರ ಮೇಲಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. 30ಕ್ಕೆ ಕುಸಿದರೆ ಪೇಂಟರಿಗೆ ಸುಸ್ತು ಎಂದರ್ಥ. ಇನ್ನು ರೆಸಲ್ಯೂಷನ್ 720ಕ್ಕೆ ಇಳಿಸಿದರೂ ಓಟ ಏರದಿದ್ದರೆ? ಆಗ ಕುಂಟುತ್ತಿರುವವನು ಗುಮಾಸ್ತನೇ. ಕಾರ್ಡು ಬದಲಿಸಿ ಪ್ರಯೋಜನವಿಲ್ಲ.

ಕಡಿಮೆ ಚುಕ್ಕಿಯಲ್ಲಿ ಬರೆದು ದೊಡ್ಡದು ಮಾಡಿ ತೋರಿಸುವ ಉಪಾಯವೂ ಬಂದಿದೆ. ಎ.ಎಂ.ಡಿ.ಯವರು 2021ರಲ್ಲಿ ತಂದ ‘ಎಫ್.ಎಸ್.ಆರ್.’ನ ಮೊದಲ ಆವೃತ್ತಿಗಳು ಹಳೇ ಕಾರ್ಡುಗಳಲ್ಲೂ ಓಡುತ್ತವೆ. ಚಿತ್ರ ಕೊಂಚ ಮಸುಕಾದರೂ ಆಟ ನಿಲ್ಲದು.

ಬಾಲದಂತೆ ಬರುವ ಖರ್ಚು

ಕಾರ್ಡು ಬದಲಿಸಲೇಬೇಕೆಂದರೆ ಖರ್ಚು ಕಾರ್ಡಿಗೇ ಮುಗಿಯುವುದಿಲ್ಲ. ಹಳೇ ಪವರ್ ಸಪ್ಲೈ ಅದರ ಹಸಿವು ತಾಳುತ್ತದೆಯೇ? ಉದ್ದದ ಕಾರ್ಡು ಕ್ಯಾಬಿನೆಟ್ಟಿನೊಳಗೆ ಹಿಡಿಸುತ್ತದೆಯೇ? ಕೇಬಲ್ ಕೂಡ ಕೈ ಕೊಡುತ್ತದೆ: ಹಳೇ ಎಚ್.ಡಿ.ಎಂ.ಐ. 1.4 ಕಿಂಡಿಯಲ್ಲಿ ಫೋರ್ ಕೆ ಚಿತ್ರ ಸೆಕೆಂಡಿಗೆ 30ಕ್ಕಿಂತ ಹೆಚ್ಚು ಹೋಗುವುದಿಲ್ಲ.

ಅಗ್ಗ ಎಂದು ಸೆಕೆಂಡ್‌ಹ್ಯಾಂಡ್ ಕಾರ್ಡಿಗೆ ಕೈ ಹಾಕುವವರು ಹುಷಾರಾಗಿರಬೇಕು. ಎಥೀರಿಯಂ ಎಂಬ ಕ್ರಿಪ್ಟೋ ನಾಣ್ಯದ ವ್ಯವಸ್ಥೆ 2022ರ ಸೆಪ್ಟೆಂಬರಿನಲ್ಲಿ ಬದಲಾಗಿ, ಅದಕ್ಕಾಗಿ ಹಗಲೂ ರಾತ್ರಿ ದುಡಿದಿದ್ದ ಕಾರ್ಡುಗಳು ರಾಶಿ ರಾಶಿ ಮಾರುಕಟ್ಟೆಗೆ ಬಿದ್ದವು. ಒರೆಸಿ ಇಟ್ಟರೆ ಹೊಸದರಂತೆಯೇ ಕಾಣುತ್ತವೆ. ಕಣ್ಣೆದುರು ಅರ್ಧ ಗಂಟೆ ಆಟ ಓಡಿಸಿ ತೋರಿಸದವರಿಗೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ಹೋಗುವುದೇ ಕ್ಷೇಮ. ಬಿಲ್ಲು ಬೇಡವೆಂದರೆ ಅಷ್ಟು ಇಷ್ಟು ಬಿಡುತ್ತಾರೆ ನಿಜ. ಮಾಲು ಕೆಟ್ಟಾಗ ಗ್ಯಾರಂಟಿಗೆ ಯಾರ ಬಾಗಿಲು ತಟ್ಟುವುದು?

ಅಂತೂ ಏನು ಮಾಡೋದು?

24 ಇಂಚಿನ ಪರದೆ, ಮಧ್ಯಮ ಕಾರ್ಡು ಇದ್ದವರಿಗೆ 1080 ಧಾರಾಳ ಸಾಕು. 27 ಇಂಚಿಗೆ ಹೋದರೆ 1080ರ ಚುಕ್ಕಿಗಳು ಬಿಡಿ ಬಿಡಿಯಾಗಿ ಕಣ್ಣಿಗೆ ಬೀಳಲಾರಂಭಿಸುತ್ತವೆ. ಅಲ್ಲಿ 1440ಕ್ಕೆ ಅರ್ಥವಿದೆ. ಆಟದ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಲು ಸಿದ್ಧವಿದ್ದರೆ ಈಗ ಮಾನಿಟರ್ ತಂದು, ಕಾರ್ಡು ಮುಂದಿನ ವರ್ಷ ನೋಡಬಹುದು. ಚೆನ್ನಾಗಿಟ್ಟುಕೊಂಡ ಮಾನಿಟರ್ ಎರಡು ಕಾರ್ಡುಗಳ ಕಾಲ ಬಾಳುತ್ತದೆ. ಫೋರ್ ಕೆ ಮಾತ್ರ ಕಾರ್ಡಿನ ದುಡ್ಡೂ ಕೈಯಲ್ಲಿದ್ದವರಿಗೆ. ಅಂಗಡಿ ಲೆಕ್ಕ, ಟೈಪಿಂಗ್ ಕೆಲಸಕ್ಕಾದರೆ ಈ ತಲೆಬಿಸಿಯೇ ಇಲ್ಲ.

ಹುಡುಗರ ಆಸೆ ತಪ್ಪಲ್ಲ. ಆದರೆ ಕಂತಿನ ಚೀಟಿ ಬರುವುದು ಅಪ್ಪನ ಗಲ್ಲಾಪೆಟ್ಟಿಗೆಗೆ. ಬಸ್ ಹತ್ತುವ ಮುಂಚೆ ಮನೆಯಲ್ಲಿ ಅರ್ಧ ಗಂಟೆ ಆ ಪುಕ್ಕಟೆ ಪರೀಕ್ಷೆ ಮಾಡಿದರೆ ಎಷ್ಟೋ ಸಾವಿರ ಉಳಿದೀತು.