ಗಡ್ಡೆ ಸಣ್ಣದು, ಆದ್ರೆ ಪಕ್ಕದಲ್ಲಿ ಯಾವ ರಕ್ತನಾಳ ಇದೆ?

ಜೆಡ್ಡಾದಿಂದ ಮಾತಾಡ್ತಿದ್ದೀನಿ.

ಇದೇ ಸೌದಿಯ ಜುಬೈಲ್‌ನಲ್ಲಿ ಕೆಲಸ ಮಾಡೋ ಕೇಳುಗರೊಬ್ಬರು ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು. ಉಡುಪಿ ಕಡೆಯವರು. ಊರಲ್ಲಿರೋ ಅಣ್ಣನಿಗೆ ಮೇದೋಜೀರಕ ಗ್ರಂಥಿಯಲ್ಲಿ, ಅಂದ್ರೆ ಪ್ಯಾಂಕ್ರಿಯಾಸ್‌ನಲ್ಲಿ, ಕ್ಯಾನ್ಸರ್ ಗಡ್ಡೆ. “ಎರಡೂವರೆ ಸೆಂಟಿಮೀಟರ್ ಅಷ್ಟೇ ಅಂತೆ. ಆದ್ರೂ ಆಪರೇಷನ್ ಈಗ ಬೇಡ, ಮೊದಲು ಕೀಮೋ ಅಂತಾರೆ. ನಮ್ಮಿಂದ ಏನಾದ್ರೂ ಮುಚ್ಚಿಡ್ತಿದ್ದಾರಾ?” ಅಂತ ಕೇಳಿದ್ರು.

ನಾನು ಸಂಶೋಧಕ, ವೈದ್ಯನಲ್ಲ. ಚಿಕಿತ್ಸೆಯ ಬಗ್ಗೆ ಸಲಹೆ ಕೊಡಲಾರೆ. ಆದರೆ ಆ ಗ್ರಂಥಿ ಎಲ್ಲಿದೆ ಅಂತ ಹೇಳಿದ್ರೆ ಅವರ ಗೊಂದಲ ಸ್ವಲ್ಪ ಕಡಿಮೆ ಆಗಬಹುದು.

ಪ್ಯಾಂಕ್ರಿಯಾಸ್ ಸುಮಾರು 15 ಸೆಂಟಿಮೀಟರ್ ಉದ್ದ. ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಡ್ಡಲಾಗಿ ಮಲಗಿದೆ. ತಲೆಭಾಗ ಸಣ್ಣ ಕರುಳಿನ ಮೊದಲ ಬಾಗಿನೊಳಗೆ ಕೂತಿರುತ್ತೆ, ಬಾಲ ಎಡಕ್ಕೆ ಗುಲ್ಮದ ತನಕ ಹೋಗುತ್ತೆ. ಇಷ್ಟು ಆಳದಲ್ಲಿರೋದ್ರಿಂದ ಗಡ್ಡೆ ಬೆಳೆದರೂ ಕೈಗೆ ಸಿಗೋದು ಕಷ್ಟ.

ಈಗ ರಕ್ತನಾಳಗಳಿಗೆ ಬರೋಣ. ಈ ಜಾಗ ಒಂಥರಾ ಬೆಂಗಳೂರಿನ ಮೆಜೆಸ್ಟಿಕ್. ಕರುಳಿಂದ ಬರೋ ದೊಡ್ಡ ಅಭಿಧಮನಿ, ಗುಲ್ಮದಿಂದ ಬರೋ ಅಭಿಧಮನಿ, ಎರಡೂ ಪ್ಯಾಂಕ್ರಿಯಾಸ್ ಕುತ್ತಿಗೆಯ ಹಿಂದೆ ಸೇರಿ ಪೋರ್ಟಲ್ ವೇಯ್ನ್ ಆಗಿ ಲಿವರ್‌ಗೆ ಹೋಗುತ್ತವೆ. ಇನ್ಸುಲಿನ್ ಮೊದಲು ಲಿವರ್ ತಲುಪೋದು ಇದೇ ದಾರಿಯಲ್ಲಿ. ಕ್ಯಾನ್ಸರ್ ಕೋಶಗಳಿಗೂ ಇದೇ ದಾರಿ ಸಿಗುತ್ತೆ.

ಅದರ ಎಡಪಕ್ಕದಲ್ಲೇ ಇನ್ನೊಂದು ನಾಳ: ಮಹಾಪಧಮನಿಯಿಂದ ಕವಲೊಡೆದು ಹೆಚ್ಚುಕಡಿಮೆ ಇಡೀ ಸಣ್ಣ ಕರುಳಿಗೆ ರಕ್ತ ಕೊಡೋ ಅಪಧಮನಿ. ವೈದ್ಯರು ಇದನ್ನ ಎಸ್‌ಎಂಎ ಅಂತಾರೆ.

ಸರ್ಜನ್ ಲೆಕ್ಕ ಶುರುವಾಗೋದು ಇಲ್ಲೇ. ಅಭಿಧಮನಿಗೆ ಗಡ್ಡೆ ಅಂಟಿದ್ರೆ, ಎಷ್ಟೋ ಸಲ ಆ ತುಂಡನ್ನ ಕತ್ತರಿಸಿ ಮತ್ತೆ ಜೋಡಿಸಬಹುದು. ಎಸ್‌ಎಂಎ ವಿಷಯದಲ್ಲಿ ಅಷ್ಟು ಸಲೀಸಿಲ್ಲ. ಗಡ್ಡೆ ಅದರ ಸುತ್ತಳತೆಯಲ್ಲಿ 180 ಡಿಗ್ರಿಯವರೆಗೆ, ಅಂದ್ರೆ ಅರ್ಧದವರೆಗೆ ತಾಗಿದ್ರೆ ಅದನ್ನ ‘ಬಾರ್ಡರ್‌ಲೈನ್’ ಅಂತಾರೆ. ಸಾಮಾನ್ಯವಾಗಿ ಮೊದಲು ಕೀಮೋ ಕೊಟ್ಟು ನೋಡ್ತಾರೆ. ಅರ್ಧಕ್ಕಿಂತ ಹೆಚ್ಚು ಸುತ್ತಿದ್ರೆ ಆಪರೇಷನ್ ಬಹಳ ಕಷ್ಟ. ಹಾಗಾಗಿ ಎರಡು ಸೆಂಟಿಮೀಟರ್ ಗಡ್ಡೆ ಕಷ್ಟದ್ದಾಗಬಹುದು, ಬಾಲದಲ್ಲಿರೋ ನಾಲ್ಕು ಸೆಂಟಿಮೀಟರ್‌ದು ತೆಗೆಯೋಕೆ ಬರಬಹುದು.

ಜುಬೈಲ್‌ನ ಅಣ್ಣ, “ಮೊದಲು ಕೀಮೋ” ಅಂದ್ರೆ ಕೈಬಿಟ್ಟರು ಅಂತಲೇ ಅರ್ಥ ಅಲ್ಲ. ಊರಿಗೆ ಫೋನ್ ಮಾಡಿದಾಗ ಮೂರು ಪ್ರಶ್ನೆ ಕೇಳಿಸಿ: ಗಡ್ಡೆ ಯಾವ ನಾಳಕ್ಕೆ ತಾಗಿದೆ? ಎಷ್ಟು ಸುತ್ತಿದೆ? ಮುಂದಿನ ಸ್ಕ್ಯಾನ್ ಯಾವಾಗ?

ನಿಮ್ಮ ಅಣ್ಣ ಹುಷಾರಾಗಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.