ಉಗುರಿನಗಲದ ರೋಹಿತಮಾಪಕ

ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡ ತೊಗರಿಯ ಸೀಮೆಯ ಊರು. ರಾಶಿಮಾಡಿದ ತೊಗರಿಯಲ್ಲಿ ತೇವ ಹೆಚ್ಚಾಗಿ ಉಳಿದರೆ ಬೂಷ್ಟು ಹಿಡಿಯುವುದು, ಬೆಲೆಯೂ ಇಳಿಯುವುದು. ಕಾಳು ಒಣಗಿದೆಯೇ ಎಂಬುದನ್ನು ರೈತನು ಹಲ್ಲಿನಿಂದ ಕಡಿದು ನೋಡುತ್ತಾನೆ. ಬೆಳಕಿನಿಂದ ಅದನ್ನು ಅಳೆಯಬಹುದೆ?

ಬಿಳಿಯ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದರೆ ಬಣ್ಣಗಳ ಪಟ್ಟೆಯೊಂದು ಮೂಡುವುದಷ್ಟೆ. ಅದೇ ರೋಹಿತ. ಪ್ರತಿಯೊಂದು ವಸ್ತುವೂ ಕೆಲವು ನಿಯತ ತರಂಗದೂರಗಳ ಬೆಳಕನ್ನು ಮಾತ್ರ ಹೀರುವುದು ಇಲ್ಲವೆ ಸೂಸುವುದು. ಆದುದರಿಂದ ರೋಹಿತವು ವಸ್ತುವಿನ ಗುರುತಿನ ಚೀಟಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಲ್ಲಿ ಜಾನ್ ಹರ್ಷೆಲ್ ಎಂಬ ಸೈನ್ಯಾಧಿಕಾರಿಯು ನಮ್ಮ ಜಮಖಂಡಿಯಲ್ಲಿ ದೂರದರ್ಶಕಕ್ಕೆ ರೋಹಿತದರ್ಶಕವನ್ನು ಜೋಡಿಸಿ, ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಉಜ್ವಲ ರೇಖೆಗಳನ್ನು ಕಂಡನು. ಜ್ವಾಲೆಗಳು ಕಾದ ಅನಿಲವೆಂದು ಅದರಿಂದ ತಿಳಿಯಿತು. 2023ರಲ್ಲಿ ಚಂದ್ರಯಾನ-3ರ ರೋವರಿನಲ್ಲಿ ಕುಳಿತು ಹೋದ, ಬೆಂಗಳೂರಿನಲ್ಲಿ ತಯಾರಾದ ಪುಟ್ಟ ರೋಹಿತದರ್ಶಕವು ಚಂದ್ರನ ಮಣ್ಣಿನಲ್ಲಿ ಗಂಧಕವನ್ನು ಗುರುತಿಸಿತು.

ಉಪಕರಣವನ್ನು ಇನ್ನೂ ಕಿರಿದುಮಾಡಲು ಅಡ್ಡಿಯೇನು? ಒಂದಕ್ಕೊಂದು ತೀರ ಹತ್ತಿರದ ಬಣ್ಣಗಳನ್ನು ಬೇರ್ಪಡಿಸಬೇಕಾದರೆ ಬೆಳಕಿಗೆ ಉದ್ದವಾದ ದಾರಿ ಬೇಕು. ಚಿಪ್ಪಿನ ಮೇಲೆ ಈ ದಾರಿಯನ್ನು ಸುರುಳಿ ಸುತ್ತುತ್ತಾರೆ. ಸಿಲಿಕಾನಿನ ವಕ್ರೀಭವನಾಂಕ ಸುಮಾರು 3.5, ಅದನ್ನು ಸುತ್ತುವರಿದ ಗಾಜಿನಂಥ ಸಿಲಿಕದ್ದು ಸುಮಾರು 1.45. ಈ ಅಂತರದಿಂದಾಗಿ ಅರ್ಧ ಮೈಕ್ರಾನ್ ಅಗಲದ ಸಿಲಿಕಾನ್ ಎಳೆಯಲ್ಲಿಯೂ ಬೆಳಕು ಸೆರೆಯಾಗಿ, ಬಿಗಿಯಾದ ತಿರುವುಗಳಲ್ಲಿಯೂ ಹೊರಕ್ಕೆ ಸೋರದೆ ಸಾಗುವುದು.

ಬೆಳಕನ್ನು ಎರಡು ಎಳೆಗಳಿಗೆ ಹಂಚಿ, ಒಂದನ್ನು ಹೆಚ್ಚು ದೂರ ನಡೆಸಿ, ಮತ್ತೆ ಕೂಡಿಸಿದರೆ ವ್ಯತಿಕರಣವಾಗುವುದು. ಕೆಲವು ತರಂಗದೂರಗಳು ಬೆಳಗುವುವು, ಕೆಲವು ಮಂಕಾಗುವುವು. ದಾರಿಗಳ ಅಂತರವನ್ನು ಬದಲಿಸುತ್ತ ಪ್ರತಿ ಸಲವೂ ಬೆಳಕನ್ನಳೆದು ಗಣಿತದಿಂದ ರೋಹಿತವನ್ನು ಕಟ್ಟಬಹುದು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ಚಿಪ್ಪಿನಲ್ಲಿ ಇರುವುದು ಆರೇ ಸ್ವಿಚ್ಚುಗಳು. ಪ್ರತಿಯೊಂದಕ್ಕೂ ಎರಡು ಸ್ಥಿತಿ. ಎರಡನ್ನು ಆರು ಸಲ ಗುಣಿಸಿರಿ, 64 ಅಂತರಗಳು ದೊರೆಯುವುವು!

ಇನ್ನು ತೊಗರಿಯ ಮಾತು. 1.1 ಮೈಕ್ರಾನಿಗಿಂತ ದೀರ್ಘವಾದ ಅವರಕ್ತ ಬೆಳಕಿಗೆ ಸಿಲಿಕಾನ್ ಪಾರದರ್ಶಕ, ನೀರು 1.45 ಮೈಕ್ರಾನಿನ ಸುಮಾರಿನ ಬೆಳಕನ್ನು ಚೆನ್ನಾಗಿ ಹೀರುವುದು. ಹೀಗಾಗಿ ಕಾಳಿನ ತೇವ ಈ ಚಿಪ್ಪಿನ ಕಣ್ಣಿಗೆ ಬೀಳತಕ್ಕದ್ದೇ. ಆದರೆ ಎರಡು ತೊಡಕುಗಳಿವೆ. ಅಷ್ಟು ಸಣ್ಣ ಎಳೆಯೊಳಗೆ ಹೊಗುವ ಬೆಳಕು ಅತ್ಯಲ್ಪ. ಅಲ್ಲದೆ ಚಿಪ್ಪು ಹೇಳುವುದು ಬೆಳಕಿನ ಲೆಕ್ಕ, ತೇವದ ಲೆಕ್ಕವಲ್ಲ. ನಮ್ಮ ಹೊಲಗಳದೇ ನೂರಾರು ಮಾದರಿಗಳನ್ನು ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಿ, ಎರಡು ಲೆಕ್ಕಗಳನ್ನೂ ತಾಳೆಹಾಕಬೇಕು. ಈ ತಾಳ್ಮೆಯ ಕೆಲಸಕ್ಕೆ ಒಳ್ಳೆಯ ತಕ್ಕಡಿಯೊಂದು, ಒಲೆಯೊಂದು ಇದ್ದರೆ ಸಾಕು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೇ ಇದನ್ನು ಕೈಗೊಳ್ಳಬಹುದು.