ಕಾಗದದಲ್ಲೊಂದು ವೈಕಿಂಗ್ ಹಡಗು: ಮೊದಲು ಚರ್ಮ, ಆಮೇಲೆ ಎಲುಬು

ಮಳೆಗಾಲದಲ್ಲಿ ನೋಟ್‌ಬುಕ್ಕಿನ ನಡುವಿನ ಹಾಳೆ ಕಿತ್ತು ದೋಣಿ ಮಾಡಿ, ಅಂಗಳದ ನೀರಿಗೆ ಬಿಟ್ಟು, ಮನೆಯಲ್ಲಿ ಬೈಸಿಕೊಳ್ಳದವರು ನಮ್ಮ ಬಳಗದಲ್ಲಿ ಯಾರಾದರೂ ಇದ್ದಾರೆಯೇ? ನನಗಂತೂ ಆ ಹುಚ್ಚು ನಲವತ್ತು ದಾಟಿದ ಮೇಲೆ ಮತ್ತೆ ಹಿಡಿಯಿತು. ಈ ಸಲದ ದೋಣಿ ಮಾತ್ರ ಸ್ವಲ್ಪ ದೊಡ್ಡದು. ವೈಕಿಂಗರ ಹಡಗೊಂದನ್ನು ಐವತ್ತರಲ್ಲೊಂದು ಅಳತೆಗೆ ಇಳಿಸಿ, ಬರೀ ಕಾಗದ ಮತ್ತು ಅಂಟಿನಿಂದ ಕಟ್ಟುವ ಕೆಲಸ. ಒಂದು ಇಡೀ ಚಳಿಗಾಲ ಹಿಡಿಯಿತು. ಅದರಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಕಟ್ಟುವ ಮನಸ್ಸಿಲ್ಲದವರೂ ಓದಬಹುದು.

ಮೊದಲು ಹಡಗಿನ ಪರಿಚಯ. ನಾರ್ವೆಯ ಸ್ಯಾಂಡೆಫ್ಯೋರ್ಡ್ ಬಳಿ ಗೋಕ್‌ಸ್ಟಾಡ್ ಎಂಬ ಜಮೀನಿನಲ್ಲಿದ್ದ ದಿಬ್ಬವನ್ನು 1880ರಲ್ಲಿ ಅಗೆದಾಗ, ಸತ್ತ ಗಣ್ಯನೊಬ್ಬನ ಜೊತೆ ಹೂತಿಟ್ಟಿದ್ದ ಈ ಓಕ್ ಮರದ ಹಡಗು ಸಿಕ್ಕಿತು. ಕಟ್ಟಿದ್ದು 9ನೇ ಶತಮಾನದ ಕೊನೆಗೆ, ಅಂದರೆ ನಮ್ಮ ‘ಕವಿರಾಜಮಾರ್ಗ’ ಹುಟ್ಟಿದ ಶತಮಾನದಲ್ಲೇ. ಉದ್ದ ಸುಮಾರು 23 ಮೀಟರ್, ಅಗಲ 5 ಮೀಟರಿಗೆ ತುಸು ಹೆಚ್ಚು. ಒಂದೊಂದು ಪಕ್ಕಕ್ಕೂ ಹದಿನಾರು ಹುಟ್ಟು, ಹಳದಿ ಕಪ್ಪು ಬಣ್ಣದ 32 ಗುರಾಣಿಗಳ ಸಾಲು. ಹಡಗನ್ನು ಇಟ್ಟಿದ್ದ ಓಸ್ಲೋದ ಮ್ಯೂಸಿಯಮ್ಮನ್ನು ಹೊಸ ಕಟ್ಟಡಕ್ಕಾಗಿ 2022ರಲ್ಲಿ ಮುಚ್ಚಿದರು. ಹಾಗಾಗಿ ನಾನು ಅಳತೆ ತೆಗೆದುಕೊಂಡದ್ದು ಪುಸ್ತಕದ ನಕ್ಷೆಗಳಿಂದ.

ಕಾಗದದ ಹಡಗು ಕಟ್ಟುವವರ ರೂಢಿಯ ವಿಧಾನವೊಂದಿದೆ. ದಪ್ಪ ರಟ್ಟಿನಲ್ಲಿ ಅಡ್ಡ, ಉದ್ದ ಗೋಡೆಗಳನ್ನು ಸೇರಿಸಿ ಮೊದಲು ಅಸ್ಥಿಪಂಜರ ಮಾಡುವುದು, ಆಮೇಲೆ ಅದರ ಮೇಲೆ ತೆಳು ಕಾಗದದ ಚರ್ಮ ಹೊದಿಸುವುದು. ಯುದ್ಧನೌಕೆಯಂಥ ಹಡಗಿಗೆ ಇದು ಸರಿ. ಮೇಲೆ ಡೆಕ್ ಮುಚ್ಚಿದರೆ ಒಳಗಿನ ರಟ್ಟು ಯಾರಿಗೂ ಕಾಣುವುದಿಲ್ಲ. ವೈಕಿಂಗ್ ಹಡಗು ಹಾಗಲ್ಲ, ಅದು ತೆರೆದ ಹಡಗು. ನೆಲಕ್ಕೆ ಹಾಸಿದ ಹಲಗೆಗಳನ್ನು ಎತ್ತಿದರೆ ಕೆಳಗಿನ ಪಕ್ಕೆಲುಬುಗಳು ಕಾಣಬೇಕು.

ಅಸಲಿ ಹಡಗನ್ನು ಕಟ್ಟಿದ ಕ್ರಮವೂ ಈ ರೂಢಿಗೆ ತಿರುವುಮುರುವು. ತಳದ ಉದ್ದ ದಿಮ್ಮಿಗೆ ಹಿಂದೆ ಮುಂದೆ ಬಾಗಿ ಮೇಲೇಳುವ ಕಂಬಗಳನ್ನು ಜೋಡಿಸಿ, ಕೆಳಗಿನ ಹಲಗೆಯ ಅಂಚಿನ ಮೇಲೆ ಮೇಲಿನ ಹಲಗೆಯ ಅಂಚು ಬರುವಂತೆ, ಮಂಗಳೂರು ಹೆಂಚು ಹೊದಿಸಿದ ಹಾಗೆ, ಪಕ್ಕಕ್ಕೆ 16 ಸಾಲು ಏರಿಸಿದ್ದಾರೆ. ಅಂಚುಗಳನ್ನು ಬಿಗಿದದ್ದು ಕಬ್ಬಿಣದ ರಿವೆಟ್ಟುಗಳಿಂದ. ಪಕ್ಕೆಲುಬುಗಳು ಬಂದದ್ದು ಆಮೇಲೆ. ನೀರಿನ ಮಟ್ಟದ ಕೆಳಗಿನ ಹಲಗೆಗಳನ್ನು ಅವುಗಳಿಗೆ ಮೊಳೆ ಹೊಡೆದು ಕೂರಿಸಿಲ್ಲ, ಹುರಿಯಿಂದ ಕಟ್ಟಿದ್ದಾರೆ. ಅಂದರೆ ಹಡಗಿನ ಆಕಾರವನ್ನು ಹಿಡಿದದ್ದು ಚರ್ಮ, ಎಲುಬಲ್ಲ.

ಮೊದಲ ಪ್ರಯತ್ನದಲ್ಲಿ ಈ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರಟ್ಟಿನ ಪಂಜರ ಮಾಡಿ, ಒಂದು ಪಕ್ಕದ ಹಲಗೆಗಳನ್ನೆಲ್ಲ ಅಂಟಿಸಿ ಮುಗಿಸಿ, ಆಮೇಲೆ ಇನ್ನೊಂದು ಪಕ್ಕಕ್ಕೆ ಬಂದೆ. ಅಷ್ಟರಲ್ಲಿ ಅಂಟು ಒಣಗಿ ಎಳೆದು ಹಡಗು ಬಾಳೆಕಾಯಿಯಂತೆ ಬಾಗಿತ್ತು. ಅದು ಕಸದ ಬುಟ್ಟಿ ಸೇರಿತು.

ಎರಡನೆಯ ಸಲ ಅಚ್ಚು ಮಾಡಿದೆ. ಹಡಗಿನ ಒಳಮೈಯ ಆಕಾರದಲ್ಲಿ, ಬೋರಲು ಕೂರುವ ರಟ್ಟಿನ ಅಚ್ಚು. ಹಲಗೆಗಳು ಒಂದಕ್ಕೊಂದು ಅಂಟಬೇಕು, ಅಚ್ಚಿಗೆ ಅಂಟಬಾರದು. ಅದಕ್ಕಾಗಿ ರಟ್ಟಿನ ಅಂಚುಗಳಿಗೆ ಮೇಣದಬತ್ತಿ ಉಜ್ಜಿದೆ. ಎಡಕ್ಕೊಂದು, ಬಲಕ್ಕೊಂದು ಹಲಗೆಯಂತೆ ಸಮವಾಗಿ ಮುಂದುವರಿದೆ.

ಇಲ್ಲಿ ಕಾಗದದ ಸ್ವಭಾವ ತಿಳಿದಿರಬೇಕು. ಶಾಲೆಯ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದೆವಲ್ಲ, ಅದೇ ಕಾಗದವನ್ನು ತೆಂಗಿನಕಾಯಿಗೆ ಸುತ್ತಿ ನೋಡಿ, ಸುಕ್ಕಾಗದೆ ಇರುವುದಿಲ್ಲ. ಕಾಗದ ಒಂದು ದಿಕ್ಕಿಗೆ ಬಾಗುತ್ತದೆ, ಸ್ವಲ್ಪ ತಿರುಚಿಕೊಳ್ಳುತ್ತದೆ, ಆದರೆ ಒಮ್ಮೆಗೇ ಎರಡು ದಿಕ್ಕಿಗೆ ಬಾಗುವುದಿಲ್ಲ. ಓಕ್ ಹಲಗೆಯದೂ ಹೆಚ್ಚುಕಡಿಮೆ ಅದೇ ಕಥೆ. ಆದ್ದರಿಂದ ಹಡಗಿನ ಮೇಲೆ ಸಲೀಸಾಗಿ ಹರಿದಂತೆ ಕಾಣುವ ಹಲಗೆಯನ್ನು ಬಿಚ್ಚಿ ಮೇಜಿನ ಮೇಲೆ ಹಾಸಿದರೆ ಅದು ಬಿಲ್ಲಿನಂತೆ ಬಾಗಿರುತ್ತದೆ. ನೇರ ಪಟ್ಟಿಯನ್ನು ಬಲವಂತವಾಗಿ ಅಂಟಿಸಿದರೆ ಮೂತಿಯ ಬಳಿ ಅಂಚು ಏಳುತ್ತದೆ. ಪ್ರತಿ ಸಾಲಿಗೂ ಅಚ್ಚಿನ ಮೇಲೆ ತೆಳು ಕಾಗದ ಹಿಡಿದು, ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಂಡು, ಅದರಂತೆ ಕತ್ತರಿಸಬೇಕು.

ಮರದಂತೆ ಕಾಗದಕ್ಕೂ ನಾರಿನ ದಿಕ್ಕು ಇದೆ. ಹಾಳೆಯನ್ನು ಹರಿದು ನೋಡಿ: ಒಂದು ದಿಕ್ಕಿಗೆ ನೇರವಾಗಿ ಹರಿಯುತ್ತದೆ, ಇನ್ನೊಂದಕ್ಕೆ ಅಡ್ಡಾದಿಡ್ಡಿ. ನೇರವಾಗಿ ಹರಿಯುವ ದಿಕ್ಕೇ ಹಲಗೆಯ ಉದ್ದವಾಗಬೇಕು. ಅಡ್ಡ ನಾರಿನ ಪಟ್ಟಿ ಅಂಟಿನ ತೇವಕ್ಕೆ ಉದ್ದವಾಗಿ, ಒಣಗುವಾಗ ಕುಗ್ಗಿ, ಪಕ್ಕದ್ದನ್ನೆಲ್ಲ ಎಳೆಯುತ್ತದೆ. ನನ್ನ ಬಾಳೆಕಾಯಿಗೆ ಇದೂ ಒಂದು ಕಾರಣ.

ಗೋಕ್‌ಸ್ಟಾಡಿನ ಹಲಗೆಗಳ ದಪ್ಪವೂ ಒಂದೇ ಸಮ ಇಲ್ಲ. ತಳದ ಒಂಬತ್ತು 2.6 ಸೆಂ.ಮೀ., ನೀರಿನ ಮಟ್ಟದಲ್ಲಿರುವ ಹತ್ತನೆಯದು 4.4, ಹುಟ್ಟಿನ ತೂತುಗಳಿರುವ ಹದಿನಾಲ್ಕನೆಯದು 3.2, ಮೇಲಿನ ಎರಡು ಬರೀ 1.6. ಐವತ್ತರಿಂದ ಭಾಗಿಸಿದರೆ ತಳದ ಹಲಗೆ ಅರ್ಧ ಮಿಲಿಮೀಟರ್, ಅಂದರೆ ಕಾಲು ಮಿಲಿಮೀಟರ್ ದಪ್ಪದ ಡ್ರಾಯಿಂಗ್ ಹಾಳೆ ಎರಡು ಪದರ. ಹತ್ತನೆಯದಕ್ಕೆ ಅದೇ ಹಾಳೆ ಮೂರು ಪದರ, ಮೇಲೊಂದು ಪ್ರಿಂಟರ್ ಕಾಗದ. ಪ್ರತಿ ಸಾಲಿನಲ್ಲಿ ಅರ್ಧ ಮಿಲಿಮೀಟರ್ ಒಂದೇ ಕಡೆಗೆ ತಪ್ಪಿದರೆ ಹದಿನಾರನೆಯ ಸಾಲಿಗೆ 8 ಮಿಲಿಮೀಟರ್. ಅಸಲಿ ಹಡಗಿನ ಲೆಕ್ಕದಲ್ಲಿ 40 ಸೆಂಟಿಮೀಟರ್! ಪ್ರೋಗ್ರಾಮಿನಲ್ಲಾದರೆ ಹಿಂದೆ ಹೋಗಿ ತಪ್ಪು ತಿದ್ದಬಹುದು. ಇಲ್ಲಿ ಒಣಗಿದ ತಪ್ಪಿನ ಮೇಲೇ ಮುಂದಿನ ಹಲಗೆ ಕೂರುತ್ತದೆ. ಪುಣ್ಯಕ್ಕೆ ಹೆಂಚಿನ ಜೋಡಣೆಗೆ ಸ್ವಲ್ಪ ಕರುಣೆಯಿದೆ. ಅಂಚು ಅಂಚಿನ ಮೇಲೆ ಎಷ್ಟು ಕೂರಬೇಕೆಂಬುದನ್ನು ಕೂದಲೆಳೆಯಷ್ಟು ಹಿಗ್ಗಿಸಿ ಕುಗ್ಗಿಸಿ, ಪ್ರತಿ ಸಾಲಿನಲ್ಲೂ ಲೆಕ್ಕ ಸರಿಮಾಡಿಕೊಳ್ಳಬಹುದು.

32 ಹಲಗೆಗಳೂ ಮುಗಿದವು. ಇನ್ನು ಅಚ್ಚು ತೆಗೆಯಬೇಕು. ಎಲ್ಲಾದರೂ ಅಂಟಿಕೊಂಡಿದ್ದರೆ ಎರಡು ತಿಂಗಳ ಕೆಲಸ ಹರಿದುಹೋಗುತ್ತದೆ. ಅಚ್ಚನ್ನು ಒಳಗೇ ಬಿಟ್ಟು ನೆಲದ ಹಲಗೆ ಅಂಟಿಸಿಬಿಟ್ಟರೆ ಯಾರಿಗೆ ತಿಳಿಯುತ್ತದೆ ಎಂಬ ಆಸೆಯೂ ಬಂತು. ಎರಡು ದಿನ ಹಡಗನ್ನು ಮುಟ್ಟಲಿಲ್ಲ. ಮೂರನೆಯ ದಿನ ರಟ್ಟಿನ ಗೋಡೆಗಳನ್ನು ಒಂದೊಂದಾಗಿ ಒಳಕ್ಕೆ ಮಡಚಿ ಎಳೆದೆ. ಮೇಣ ತಾಗದ ಒಂದು ಜಾಗದಲ್ಲಿ ಕಾಗದದ ಸಿಪ್ಪೆ ಎದ್ದಿತು. ಉಳಿದದ್ದೆಲ್ಲ ಬಂತು. ಕೈಯಲ್ಲಿ ಉಳಿದದ್ದು ಹಗುರವಾದ ಚಿಪ್ಪು. ಒಳಗೆ ಏನೂ ಇಲ್ಲದಿದ್ದರೂ ಅದು ಆಕಾರ ಬಿಡಲಿಲ್ಲ! ಆದರೆ ಎರಡು ತುದಿ ಹಿಡಿದರೆ ತಿರುಚಿಕೊಳ್ಳುತ್ತಿತ್ತು. ಪಕ್ಕೆಲುಬು, ಅಡ್ಡತೊಲೆ ಕೂರಿಸಿದ ಮೇಲೆ ಅದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಇದು ನನ್ನ ಕೈಯ ದೋಷವೆಂದುಕೊಂಡಿದ್ದೆ. ಆಮೇಲೆ ಓದಿದ್ದು: 1893ರಲ್ಲಿ ಗೋಕ್‌ಸ್ಟಾಡಿನ ಪ್ರತಿರೂಪವಾದ ‘ವೈಕಿಂಗ್’ ಹಡಗನ್ನು ಮಾಗ್ನುಸ್ ಆಂಡರ್ಸನ್ ನಾರ್ವೆಯ ಬರ್ಗೆನ್ನಿನಿಂದ ಅಟ್ಲಾಂಟಿಕ್ ದಾಟಿಸಿ ಶಿಕಾಗೋದ ವಿಶ್ವಮೇಳಕ್ಕೆ ತಂದರು. ಅಲೆಗಳಲ್ಲಿ ಹಡಗಿನ ಮೇಲಂಚು ಆರು ಇಂಚಿನವರೆಗೆ ತಿರುಚಿಕೊಳ್ಳುತ್ತಿತ್ತು, ಆದರೂ ಹಡಗು ಭದ್ರವಾಗಿತ್ತು ಎಂದು ಅವರು ಬರೆದಿಟ್ಟಿದ್ದಾರೆ. ಸಮುದ್ರಕ್ಕೆ ಎದುರು ನಿಲ್ಲದೆ ಅದರ ಜೊತೆ ಬಾಗುವ ಹಡಗು ಅದು. ಆ ‘ವೈಕಿಂಗ್’ ಈಗ ಶಿಕಾಗೋ ಬಳಿಯ ಜಿನೀವಾ ಎಂಬ ಊರಿನಲ್ಲಿದೆ. ನಮ್ಮ ಪಶ್ಚಿಮ ಕರಾವಳಿಯವರು ಇದನ್ನೇ ಹಗ್ಗದಿಂದ ಸಾಧಿಸಿದ್ದರು. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ಭಾರತೀಯ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಹಡಗಿನ ಹಲಗೆಗಳನ್ನು ಆ ಹಳೆಯ ಪದ್ಧತಿಯಂತೆ ತೆಂಗಿನ ನಾರಿನ ಹುರಿಯಿಂದಲೇ ಹೊಲಿದಿದ್ದಾರೆ.

ಮಾಡಿ ನೋಡುವ ಆಸೆ ಇರುವವರು ಒಮ್ಮೆಗೇ ಇಡೀ ಹಡಗಿಗೆ ಕೈಹಾಕಬೇಡಿ. ಗೋಕ್‌ಸ್ಟಾಡ್ ದಿಬ್ಬದಲ್ಲೇ ಮೂರು ಸಣ್ಣ ದೋಣಿಗಳೂ ಸಿಕ್ಕಿದ್ದವು. ಅವುಗಳಲ್ಲಿ ಚಿಕ್ಕದು ಸುಮಾರು ಆರೂವರೆ ಮೀಟರ್ ಉದ್ದ, ಪಕ್ಕಕ್ಕೆ ಮೂರೇ ಹಲಗೆ. ಇಪ್ಪತ್ತರಲ್ಲೊಂದು ಅಳತೆಗೆ ಇಳಿಸಿದರೆ 33 ಸೆಂ.ಮೀ. ಆಗುತ್ತದೆ. ಹರಿತವಾದ ಬ್ಲೇಡು, ಸ್ಟೀಲ್ ಸ್ಕೇಲು, ಫೆವಿಕಾಲಿನಂಥ ಬಿಳಿ ಅಂಟು, ನಾಲ್ಕಾರು ಡ್ರಾಯಿಂಗ್ ಹಾಳೆ, ಸ್ವಲ್ಪ ರಟ್ಟು ಸಾಕು. ಮೇಣ ಮಾತ್ರ ಒಂದು ಅಂಚೂ ಬಿಡದೆ ಹಚ್ಚಿ.